ಕಣ್ಣಿಗಿಟ್ಟ ಕಪ್ಪು

ರಾಜರ ಯುದ್ಧಗಳಿಗೂ ಸಂಧಿಗಳಿಗೂ ವಂಶಾವಳಿಗಳಿಗೂ ಚರಿತ್ರೆಯ ಗ್ರಂಥಗಳಲ್ಲಿ ಬೇಕಾದಷ್ಟು ಸ್ಥಳ ದೊರೆಯುತ್ತದೆ. ಕನ್ನಡಿಯ ಪೆಟ್ಟಿಗೆಗೂ ಕಾಡಿಗೆಯ ಭರಣಿಗೂ ಅಲ್ಲಿ ಅಡಿಟಿಪ್ಪಣಿಯಷ್ಟು ಎಡೆ ಸಿಕ್ಕಿದರೂ ಹೆಚ್ಚು. ಅಲಂಕಾರದ ಮಾತು ಬಂದೊಡನೆ ವಿದ್ವಾಂಸರು ಮುಗುಳ್ನಗೆ ನಕ್ಕು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುವುದು ವಾಡಿಕೆ. ಈಜಿಪ್ಟ್ ದೇಶದ ವಿಷಯದಲ್ಲಿ ಮಾತ್ರ ಹಾಗೆ ತಪ್ಪಿಸಿಕೊಂಡು ಹೋಗುವಂತಿಲ್ಲ. ಏಕೆಂದರೆ ಆ ದೇಶದ ಚರಿತ್ರೆಯ ಮೊದಲನೆಯ ಪುಟವನ್ನೇ ಕಣ್ಣಿನ ಬಣ್ಣ ಅರೆಯುವ ಕಲ್ಲಿನ ಮೇಲೆ ಕೆತ್ತಿದ್ದಾರೆ.

1897-98ರಲ್ಲಿ ಹಯೆರಾಕನ್‌ಪೊಲಿಸ್ ಎಂಬ ಹಾಳೂರನ್ನು ಅಗೆಯುತ್ತಿದ್ದ ಕ್ವಿಬೆಲ್ ಮತ್ತು ಗ್ರೀನ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರಿಗೆ ಎರಡು ಅಡಿಗೂ ತುಸು ಹೆಚ್ಚು ಎತ್ತರದ, ಗುರಾಣಿಯ ಆಕಾರದ, ಬೂದು ಬಣ್ಣದ ಕಲ್ಲಿನ ಹಲಗೆಯೊಂದು ದೊರಕಿತು. ಒಂದು ಕಡೆ ರಾಜ ನಾರ್ಮರ್ ಶತ್ರುವಿನ ಜುಟ್ಟು ಹಿಡಿದು ಗದೆಯೆತ್ತಿ ನಿಂತಿದ್ದಾನೆ. ಇನ್ನೊಂದು ಕಡೆ ಎರಡು ವಿಚಿತ್ರ ಮೃಗಗಳು ಹಾವಿನಂತೆ ನೀಳವಾದ ತಮ್ಮ ಕತ್ತುಗಳನ್ನು ಒಂದಕ್ಕೊಂದು ಹೆಣೆದುಕೊಂಡಿವೆ. ಆ ಕತ್ತುಗಳ ನಡುವೆ ಬಟ್ಟಲಿನಂತೆ ದುಂಡಗಿನ ಒಂದು ತಗ್ಗು. ಮೇಲಣ ಮತ್ತು ಕೆಳಗಣ ಈಜಿಪ್ಟುಗಳು ಒಂದಾದ ಸಂಗತಿಯನ್ನು ಇದು ಸಾರುತ್ತದೆಂದು ಪಂಡಿತರು ಬಹುಕಾಲದಿಂದ ವಿವರಿಸುತ್ತ ಬಂದಿದ್ದಾರೆ. ಕಾಲ ಸುಮಾರು ಕ್ರಿ. ಪೂ. 3100. ಸರಿಯೆ. ಆದರೆ ಆ ದುಂಡು ತಗ್ಗು ಏತಕ್ಕೆ? ಕಣ್ಣಿಗೆ ಹಚ್ಚುವ ಬಣ್ಣವನ್ನು ಅರೆಯುವುದಕ್ಕೆ! ಇಷ್ಟು ದೊಡ್ಡ ಕಲ್ಲಿನಲ್ಲಿ ಯಾರೂ ದಿನವೂ ಬಣ್ಣ ಅರೆದಿರಲಾರರು. ಅದು ದೇವಾಲಯಕ್ಕೆ ಒಪ್ಪಿಸಿದ ಕಾಣಿಕೆ. ಆದರೂ ತನ್ನ ವಿಜಯವನ್ನು ದೇವರ ಮುಂದೆ ಸಾರಲು ಹೊರಟ ಅರಸನೊಬ್ಬ ಅದಕ್ಕಾಗಿ ಆರಿಸಿಕೊಂಡ ವಸ್ತು ಖಡ್ಗವಲ್ಲ, ಕಿರೀಟವಲ್ಲ, ಬಣ್ಣದ ಕಲ್ಲು ಎಂಬುದನ್ನು ಮರೆಯುವಂತಿಲ್ಲ.

ನಾರ್ಮರನಿಗಿಂತ ಎಷ್ಟೋ ಶತಮಾನಗಳ ಹಿಂದಿನಿಂದಲೇ ನೈಲ್ ನದಿಯ ದಂಡೆಯ ಜನ ತಮ್ಮ ಸತ್ತವರ ಪಕ್ಕದಲ್ಲಿ ಇಂಥವೇ ಚಿಕ್ಕ ಕಲ್ಲುಗಳನ್ನು ಇಟ್ಟು ಹೂಳುತ್ತಿದ್ದರು. ಕೆಲವು ಮೀನಿನಂತೆ, ಕೆಲವು ಆಮೆಯಂತೆ, ಕೆಲವು ಹಕ್ಕಿಯಂತೆ ಇವೆ. ನಮ್ಮ ದೇವರ ಮನೆಯಲ್ಲಿ ಗಂಧ ತೇಯುವ ಸಾಣೆಕಲ್ಲನ್ನು ನೆನೆಸಿಕೊಂಡರೆ ಸಾಕು. ಅಷ್ಟೇ ಗಾತ್ರ, ಬಳಸಿ ಬಳಸಿ ಅಷ್ಟೇ ನುಣುಪು. ಎಷ್ಟೋ ಕಲ್ಲುಗಳ ಮೇಲೆ ಹಸುರು ಕಲೆ ಇನ್ನೂ ಅಂಟಿಕೊಂಡಿದೆ. ಅರೆಯುವುದಕ್ಕೆ ಉಪಯೋಗಿಸುತ್ತಿದ್ದ ಬೆಣಚುಗುಂಡು ಕೂಡ ಕೆಲವೆಡೆ ಪಕ್ಕದಲ್ಲಿಯೇ ಇದೆ. ಈ ಲೋಕದಿಂದ ಆಚೆಗೆ ಹೊರಟವರಿಗೂ ಕಣ್ಣಿಗೆ ಬಣ್ಣ ಬೇಕು ಎಂಬುದು ಅವರ ನಂಬಿಕೆ.

ಬಣ್ಣಗಳು ಎರಡು: ಹಸುರು ಮತ್ತು ಕಪ್ಪು. ಹಸುರು ಬಣ್ಣ ಮ್ಯಾಲಕೈಟ್ ಎಂಬ ತಾಮ್ರದ ಅದಿರಿನಿಂದ ಬರುತ್ತಿತ್ತು. ಸಿನಾಯ್ ಪ್ರಾಂತ್ಯದಲ್ಲಿಯೂ ಪೂರ್ವದ ಮರುಭೂಮಿಯಲ್ಲಿಯೂ ಅದು ಸಿಗುತ್ತದೆ. ಕಪ್ಪಿಗೆ ಮೂಲ ಗೆಲೀನಾ ಎಂಬ ಸೀಸದ ಅದಿರು. ಕೆಂಪು ಸಮುದ್ರದ ತೀರದ ಗೆಬೆಲ್ ಜೈತ್ ಎಂಬಲ್ಲಿ ಅದರ ಗಣಿಗಳಿದ್ದುವು. ಕಪ್ಪನ್ನು ಅವರು ‘ಮೆಸ್ದೆಮೆತ್’ ಎಂದು ಕರೆಯುತ್ತಿದ್ದರು. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದರಿಂದ ಕೆಲಸವಿದೆ. ಸಮಾಧಿಗಳ ಗೋಡೆಯ ಮೇಲೆ ಸತ್ತವನಿಗೆ ಸಲ್ಲಬೇಕಾದ ಕಾಣಿಕೆಗಳ ಪಟ್ಟಿಯನ್ನು ಬರೆಯುವ ಪದ್ಧತಿಯಿತ್ತು. ಅದರಲ್ಲಿ ಏಳು ಬಗೆಯ ಪವಿತ್ರ ತೈಲಗಳ ಬಳಿಕ ಹಸುರು ಬಣ್ಣದ ಒಂದು ಚೀಲ, ಕಪ್ಪು ಬಣ್ಣದ ಒಂದು ಚೀಲ ತಪ್ಪದೆ ಬರುತ್ತವೆ.

ಇವನ್ನು ಹಚ್ಚುತ್ತಿದ್ದ ಬಗೆ ಹೇಗೆ? ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಸೇಪ ಮತ್ತು ಅವನ ಹೆಂಡತಿ ನೇಸ ಎಂಬವರ ಪ್ರತಿಮೆಗಳಿವೆ. ನಾಲ್ಕೂವರೆ ಸಾವಿರ ವರ್ಷಕ್ಕೂ ಹಳೆಯವು. ಇಬ್ಬರ ಕಣ್ಣುಗಳ ಕೆಳಗೂ ದಪ್ಪನಾದ ಹಸುರು ಪಟ್ಟೆ ಬಳಿದಿದೆ. ಈಗಿನವರು ರೆಪ್ಪೆಯ ಮೇಲೆ ಬಣ್ಣ ಹಚ್ಚಿ ಬೆರಳಿನಿಂದ ಅಂಚು ಕರಗಿಸುತ್ತಾರಷ್ಟೆ; ಆ ಕಾಲದವರಿಗೆ ಕಣ್ಣಿನ ಕೆಳಗೆ ಎದ್ದು ಕಾಣುವ ಪಟ್ಟೆಯೇ ಅಂದ. ಗಂಡನಿಗೂ ಹೆಂಡತಿಗೂ ಒಂದೇ ಅಲಂಕಾರ ಎಂಬುದನ್ನೂ ಗಮನಿಸಬೇಕು. ಹೆಂಗಸರ ಚಾಪಲ್ಯವೆಂದು ಇದನ್ನು ತಳ್ಳಿಹಾಕಲು ಈಜಿಪ್ಟಿನ ಗಂಡಸರು ನಮಗೆ ಅವಕಾಶ ಕೊಟ್ಟಿಲ್ಲ. ಕಾಲಕ್ರಮದಲ್ಲಿ ಹಸುರು ಹಿಂದೆ ಸರಿದು ಕಪ್ಪಿಗೆ ಮನ್ನಣೆ ಬಂತು. ರೆಪ್ಪೆಯ ಅಂಚನ್ನು ಸುತ್ತಿ ಬಂದ ಕಪ್ಪು ಗೆರೆ ಹೊರಗಣ್ಣಿನ ಮೂಲೆಯಿಂದ ಕಪೋಲದ ಕಡೆಗೆ ನೀಳವಾಗಿ ಸಾಗುವ ಆ ರೂಪ ಎಲ್ಲರಿಗೂ ಚಿರಪರಿಚಿತ. ಪುಡಿಯನ್ನು ನೀರಿನಲ್ಲಿಯೋ ಅಂಟಿನಲ್ಲಿಯೋ ಕೊಬ್ಬಿನಲ್ಲಿಯೋ ಕಲಸಿ, ಮೊದಲು ಬೆರಳಿನಿಂದಲೂ ಬಳಿಕ ತುದಿ ದುಂಡಗಾದ ಸಣ್ಣ ಕಡ್ಡಿಯಿಂದಲೂ ಎಳೆಯುತ್ತಿದ್ದರು. ಭರಣಿಯ ಬಾಯಿ ಕಡ್ಡಿ ತೂರುವಷ್ಟೇ ಕಿರಿದು. ಬಡವನಿಗೆ ಒಂದು ತುಂಡು ಜೊಂಡಿನ ಕೊಳವೆಯೇ ಭರಣಿ. ಅರಮನೆಯಲ್ಲಿ ಮೂರನೆಯ ಅಮೆನ್‌ಹೊಟೆಪ್ ಮತ್ತು ರಾಣಿ ತೀಯೆಯ ಹೆಸರು ಕೊರೆದ ಹೊಳಪುಗಾಜಿನ ಲೇಪದ ಕೊಳವೆಗಳಿದ್ದುವು. ಆದರೆ ಅವುಗಳ ಆಕಾರವೂ ಜೊಂಡಿನದೇ!

ಈ ಕಪ್ಪಿಗೆ ಎಷ್ಟು ಬೆಲೆಯಿತ್ತೆಂಬುದಕ್ಕೆ ಬೇನಿ ಹಸನ್ ಎಂಬಲ್ಲಿಯ ಗುಹಾಸಮಾಧಿಯಲ್ಲಿ ಒಂದು ಚಿತ್ರ ಸಾಕ್ಷಿಯಾಗಿದೆ. ಸುಮಾರು ಕ್ರಿ. ಪೂ. 1890ರಲ್ಲಿ ಖ್ನುಮ್‌ಹೊಟೆಪ್ ಎಂಬ ಪ್ರಾಂತಾಧಿಕಾರಿಯ ಬಳಿಗೆ ಪೂರ್ವದಿಕ್ಕಿನಿಂದ ಪರದೇಶದ ತಂಡವೊಂದು ಬಂತು. ಬಣ್ಣಬಣ್ಣದ ಪಟ್ಟೆಗಳ ಬಟ್ಟೆ, ಮೊನಚು ಗಡ್ಡ, ಒಬ್ಬನ ಕೈಯಲ್ಲಿ ತಂತಿವಾದ್ಯ, ಕತ್ತೆಯ ಬೆನ್ನಿನ ಮೇಲೆ ಕುಳಿತ ಮಕ್ಕಳು. ಎಲ್ಲವನ್ನೂ ಚಿತ್ರಗಾರ ಪ್ರೀತಿಯಿಂದ ಬರೆದಿದ್ದಾನೆ. ಅವರು ತಂದದ್ದು ಏನು? ಚಿನ್ನವಲ್ಲ, ಗುಲಾಮರಲ್ಲ, ಕಣ್ಣಿನ ಕಪ್ಪು. ಮೂವತ್ತೇಳು ಮಂದಿ ಬಂದರೆಂದೂ ಕಪ್ಪನ್ನು ತಂದರೆಂದೂ ಪಕ್ಕದಲ್ಲಿ ಒಕ್ಕಣೆಯಿದೆ.

ಇಷ್ಟೆಲ್ಲ ಶ್ರಮ ಕೇವಲ ಸೊಬಗಿಗಾಗಿಯೇ? ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ನೈಲ್ ನದಿಯ ಕಣಿವೆ ಕಣ್ಣಿಗೆ ಕರುಣೆ ತೋರುವ ಸೀಮೆಯಲ್ಲ. ಮರಳುಗಾಳಿ, ಬಿಸಿಲಿನ ಪ್ರಖರತೆ, ನೊಣ. ಪ್ರವಾಹ ಇಳಿದ ಮೇಲೆ ಕೊಳೆತ ಮಡುಗಳು. ಕಣ್ಣುಬೇನೆ ಅಲ್ಲಿಯ ಜನರಿಗೆ ನೆಂಟನಂತೆ ವರ್ಷ ವರ್ಷವೂ ಬರುತ್ತಿತ್ತು. ದೇರ್ ಎಲ್-ಮದೀನ ಎಂಬ ಹಳ್ಳಿಯಲ್ಲಿ ರಾಜರ ಸಮಾಧಿಗಳನ್ನು ಕೊರೆದು ಚಿತ್ರಿಸುವ ಕೆಲಸಗಾರರು ವಾಸವಾಗಿದ್ದರು. ಎರಡನೆಯ ರಾಮ್ಸೆಸನ ಆಳ್ವಿಕೆಯ 40ನೆಯ ವರ್ಷದ ಅವರ ಹಾಜರಿ ಪಟ್ಟಿಯೊಂದು ಸುಣ್ಣಕಲ್ಲಿನ ಚಕ್ಕೆಯ ಮೇಲೆ ಉಳಿದಿದ್ದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಯಾರು ಯಾವ ದಿನ ಬರಲಿಲ್ಲ, ಏಕೆ ಬರಲಿಲ್ಲ ಎಂಬುದನ್ನು ಗುಮಾಸ್ತೆ ಒಪ್ಪವಾಗಿ ಬರೆದಿಟ್ಟಿದ್ದಾನೆ. ಒಬ್ಬನಿಗೆ ಚೇಳು ಕುಟುಕಿದೆ. ಒಬ್ಬ ಮನೆಯಲ್ಲಿ ಮದ್ಯ ತಯಾರಿಸುತ್ತಿದ್ದಾನೆ. ಮತ್ತೊಬ್ಬನಿಗೆ ಕಣ್ಣು ನೋವು. ನಮ್ಮ ಕಚೇರಿಗಳ ರಜಾ ಅರ್ಜಿಗಳಿಗೂ ಇದಕ್ಕೂ ಬಹಳ ವ್ಯತ್ಯಾಸ ಕಾಣುವುದಿಲ್ಲ.

ಅದೇ ಹಳ್ಳಿಯ ಇನ್ನೊಂದು ಕಲ್ಲಿನ ಚಕ್ಕೆಯನ್ನು ಮಾತ್ರ ನಗುತ್ತ ಓದುವಂತಿಲ್ಲ. ಅದು ಒಂದು ಕಾಗದ. ಬರೆಸಿದವನು ಪೈ ಎಂಬ ಚಿತ್ರಗಾರ. ಬರೆಸಿದ್ದು ತನ್ನ ಮಗನಿಗೆ, ಅವನೂ ಚಿತ್ರಗಾರನೇ. ತನಗೆ ಬೆನ್ನು ತೋರಿಸಿ ಹೋಗಬೇಡವೆಂದು ತಂದೆ ಮಗನನ್ನು ಬೇಡಿಕೊಳ್ಳುತ್ತಾನೆ. ಅಮುನ್ ದೇವರು ತನ್ನ ಕೈಬಿಟ್ಟಂದಿನಿಂದ ತಾನು ಕತ್ತಲೆಯಲ್ಲಿರುವುದಾಗಿ ಹೇಳುತ್ತಾನೆ. ಕಣ್ಣಿಗೆ ಹಾಕಲು ಒಂದಿಷ್ಟು ಜೇನುತುಪ್ಪ, ಸ್ವಲ್ಪ ಕಾವಿಮಣ್ಣು, ಅದರೊಡನೆ ಅಪ್ಪಟವಾದ ಕಣ್ಣಿನ ಕಪ್ಪು, ಇಷ್ಟನ್ನು ಬೇಗನೆ ತಂದುಕೊಡು ಎನ್ನುತ್ತಾನೆ. ನಾನು ನಿನ್ನ ತಂದೆಯಲ್ಲವೆ ಎಂದು ಕೇಳುತ್ತಾನೆ. ದೃಷ್ಟಿಯನ್ನು ಹುಡುಕುತ್ತಿದ್ದೇನೆ, ಅದು ಇಲ್ಲ ಎಂದು ಮುಗಿಸುತ್ತಾನೆ. ಜೀವಮಾನವೆಲ್ಲ ಸಮಾಧಿಯ ಗೋಡೆಗಳ ಮೇಲೆ ದೇವತೆಗಳಿಗೂ ರಾಜರಿಗೂ ನೀಳವಾದ ಕಪ್ಪು ಕಣ್ಣುಗಳನ್ನು ಬರೆದ ಕೈ ಅದು. ಕೊನೆಗೆ ಅದೇ ಕಪ್ಪನ್ನು ತನ್ನ ಕಣ್ಣಿಗೆ ಔಷಧವಾಗಿ ಬೇಡುವ ಕಾಲ ಬಂತು. ಮಗ ತಂದುಕೊಟ್ಟನೆ? ಕಲ್ಲು ಅಲ್ಲಿಗೆ ನಿಂತುಬಿಡುತ್ತದೆ.

ಪೈ ಕೇಳಿದ್ದು ಹುಚ್ಚು ಮಾತಲ್ಲ. ಸುಮಾರು ಕ್ರಿ. ಪೂ. 1550ರಲ್ಲಿ ಬರೆದ ವೈದ್ಯಗ್ರಂಥವೊಂದನ್ನು ಜರ್ಮನಿಯ ಎಬರ್ಸ್ ಎಂಬ ವಿದ್ವಾಂಸರು 1875ರಲ್ಲಿ ಪ್ರಕಟಿಸಿದರು. ಕಣ್ಣಿನ ಚಿಕಿತ್ಸೆಗೆ ಅದರಲ್ಲಿ ದೊಡ್ಡ ಭಾಗವೇ ಮೀಸಲಾಗಿದೆ. ಕಪ್ಪು, ಹಸುರು, ಜೇನು, ಕಾವಿ ಇವು ಅಲ್ಲಿ ಮತ್ತೆ ಮತ್ತೆ ಬರುವ ದ್ರವ್ಯಗಳು. ಕೆಲವು ಭರಣಿಗಳಲ್ಲಿ ನಾಲ್ಕು ಗೂಡುಗಳಿದ್ದು, ಇದು ಪ್ರವಾಹ ಕಾಲಕ್ಕೆ, ಇದು ಬೇರೆ ಋತುವಿಗೆ, ಇದು ದಿನವೂ ಹಚ್ಚುವುದಕ್ಕೆ ಎಂದು ಬರೆದದ್ದೂ ಉಂಟು. ಈಜಿಪ್ಟಿನ ಕಣ್ಣುವೈದ್ಯರ ಕೀರ್ತಿ ದೂರದೂರಕ್ಕೆ ಹಬ್ಬಿತ್ತು. ಹೆರೊಡೊಟಸನು ಹೇಳುವ ಒಂದು ಕಥೆ ಹೀಗಿದೆ: ಪರ್ಷಿಯದ ಅರಸನಾದ ಸೈರಸ್ ಒಳ್ಳೆಯ ಕಣ್ಣುವೈದ್ಯನೊಬ್ಬನನ್ನು ಕಳುಹಿಸೆಂದು ಈಜಿಪ್ಟಿನ ದೊರೆ ಅಮಾಸಿಸನನ್ನು ಕೇಳಿಕೊಂಡನಂತೆ. ಹೆಂಡತಿ ಮಕ್ಕಳನ್ನು ಬಿಟ್ಟು ಪರದೇಶಕ್ಕೆ ಹೋಗಬೇಕಾಗಿ ಬಂದ ವೈದ್ಯ ಆ ಕೋಪವನ್ನು ಮರೆಯಲಿಲ್ಲ. ಅಮಾಸಿಸನ ಮಗಳನ್ನು ಮದುವೆಗೆ ಕೇಳು ಎಂದು ಅವನು ಸೈರಸನ ಮಗ ಕ್ಯಾಂಬಿಸೆಸನ ಕಿವಿಯೂದಿದನಂತೆ. ಅಮಾಸಿಸ್ ತನ್ನ ಮಗಳೆಂದು ಬೇರೊಬ್ಬಳನ್ನು ಕಳುಹಿಸಿ ಸಿಕ್ಕಿಬಿದ್ದ. ಕ್ರಿ. ಪೂ. 525ರಲ್ಲಿ ಈಜಿಪ್ಟ್ ಪರ್ಷಿಯನ್ನರ ಕೈಸೇರಿತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದುವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ವರ್ಗವಾದ ವೈದ್ಯನ ಮುನಿಸಿಗೆ ಇಷ್ಟು ಗೌರವ ಬೇರಾವ ಚರಿತ್ರೆಕಾರನೂ ಕೊಟ್ಟಂತಿಲ್ಲ.

ಈಗ ಸೀಸದ ಮಾತಿಗೆ ಬರೋಣ. ಸೀಸ ವಿಷವೆಂಬುದು ಎಲ್ಲರೂ ಬಲ್ಲ ವಿಷಯ. ಹಾಗಾದರೆ ಸಾವಿರಾರು ವರ್ಷ ಒಂದು ಜನಾಂಗ ವಿಷವನ್ನು ಕಣ್ಣಿಗೆ ಹಚ್ಚಿಕೊಂಡು ಔಷಧವೆಂದು ನಂಬಿತ್ತೆ? ಲೂವ್ರಿನಲ್ಲಿ ಪುರಾತನ ಭರಣಿಗಳೊಳಗೆ ಪುಡಿ ಹಾಗೆಯೇ ಉಳಿದುಬಂದಿತ್ತು. ಫಿಲಿಪ್ ವಾಲ್ಟರ್ ಮತ್ತು ಅವರ ಸಂಗಡಿಗರು ಅದನ್ನು ಪರೀಕ್ಷಿಸಿ 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕರಿಯ ಗೆಲೀನಾ ಇದ್ದೇ ಇತ್ತು. ಬಿಳಿಯ ಸೀಸದ ಲವಣವಾದ ಸೆರುಸೈಟ್ ಕೂಡ ಇತ್ತು. ಅವುಗಳ ಜೊತೆಗೆ ಲೌರಿಯೊನೈಟ್, ಫಾಸ್ಜಿನೈಟ್ ಎಂಬ ಇನ್ನೆರಡು ಬಿಳಿಯ ಸೀಸದ ಸಂಯುಕ್ತಗಳು ಕಂಡುಬಂದುವು. ಇವು ಪ್ರಕೃತಿಯಲ್ಲಿ ಅತಿ ವಿರಳ. ಅಂದ ಮೇಲೆ ಯಾರೋ ಬೇಕೆಂದೇ ತಯಾರಿಸಿರಬೇಕು.

ತಯಾರಿಕೆಯ ಕ್ರಮ ಗ್ರೀಕ್ ಮತ್ತು ರೋಮನ್ ಲೇಖಕರಾದ ಡಯೊಸ್ಕೊರೈಡಿಸ್ ಮತ್ತು ಪ್ಲಿನಿಯವರಲ್ಲಿ ಸಿಗುತ್ತದೆ. ಸೀಸವನ್ನು ಸುಟ್ಟು ಬಂದ ಭಸ್ಮವನ್ನು ನುಣ್ಣಗೆ ಅರೆದು, ಕಲ್ಲುಪ್ಪು ಬೆರೆಸಿ ನೀರಿನಲ್ಲಿ ಕದಡುವುದು. ತಿಳಿಯನ್ನು ಬಸಿದು ಹೊಸ ನೀರು, ಹೊಸ ಉಪ್ಪು ಹಾಕುವುದು. ದಿನವೂ ಹೀಗೆಯೇ ವಾರಗಟ್ಟಲೆ ಮಾಡುವುದು. ದಿನವೂ ಏಕೆ ಬಸಿಯಬೇಕು? ಕ್ರಿಯೆ ಸಾಗಿದಂತೆ ನೀರು ತೀಕ್ಷ್ಣವಾದ ಕ್ಷಾರವಾಗುತ್ತದೆ. ಬಸಿಯದಿದ್ದರೆ ಕ್ರಿಯೆಯೂ ನಿಲ್ಲುತ್ತದೆ, ಕಣ್ಣೂ ಸುಡುತ್ತದೆ. ರಸಾಯನ ಶಾಸ್ತ್ರವೆಂಬ ಹೆಸರೇ ಹುಟ್ಟದಿದ್ದ ಕಾಲದಲ್ಲಿ, ಇಂದಿಗೆ ನಾಲ್ಕು ಸಾವಿರ ವರ್ಷಗಳ ಹಿಂದೆ, ಇಷ್ಟು ತಾಳ್ಮೆಯ ಕೆಲಸ ನಡೆದಿತ್ತು. ಬಿಳಿಯ ಪುಡಿಯನ್ನು ಕರಿಯದರೊಡನೆ ಹದವಾಗಿ ಬೆರೆಸಿದರೆ ಕಡುಗಪ್ಪಿನಿಂದ ತಿಳಿಬೂದಿಯವರೆಗೆ ಹಲವು ಛಾಯೆಗಳು ಬರುತ್ತವೆ. ಗೆಲೀನಾವನ್ನು ದಪ್ಪವಾಗಿ ಅರೆದರೆ ಮಿನುಗು, ನುಣ್ಣಗೆ ಅರೆದರೆ ಮಂಕು. ಬಣ್ಣ ಬೆರೆಸುವ ಕಲೆ ಆಗಲೇ ಇಲ್ಲಿಯವರೆಗೆ ಬಂದಿತ್ತು. ಆದರೆ ಛಾಯೆಯೊಂದೇ ಬೇಕಾಗಿದ್ದರೆ ಪ್ರಕೃತಿಯಲ್ಲಿ ಸುಲಭವಾಗಿ ಸಿಗುವ ಬಿಳಿ ಪುಡಿ ಇದ್ದೇ ಇತ್ತಲ್ಲ! ವಾರಗಟ್ಟಲೆ ಉಪ್ಪುನೀರು ಬಸಿಯುವ ತೊಂದರೆ ಏಕೆ?

2010ರಲ್ಲಿ ಕ್ರಿಸ್ಟಿಯನ್ ಅಮತೋರ್ ಮತ್ತು ವಾಲ್ಟರ್ ಅವರ ತಂಡ ಇದಕ್ಕೆ ಒಂದು ಉತ್ತರವನ್ನು ಸೂಚಿಸಿತು. ಪ್ರಯೋಗಶಾಲೆಯಲ್ಲಿ ಚರ್ಮದ ಒಂದೊಂದೇ ಜೀವಕೋಶಕ್ಕೆ ಲೌರಿಯೊನೈಟಿನಿಂದ ಬರುವ ಸೀಸವನ್ನು ಅತ್ಯಲ್ಪ ಪ್ರಮಾಣದಲ್ಲಿ ತಗುಲಿಸಿದಾಗ ಆ ಕೋಶ ಹೊರಸೂಸುವ ನೈಟ್ರಿಕ್ ಆಕ್ಸೈಡ್ ಪ್ರತಿಶತ 240ರವರೆಗೆ ಹೆಚ್ಚಿತು. ಆ ಅನಿಲ ದೇಹದ ರಕ್ಷಣಾವ್ಯವಸ್ಥೆಯನ್ನು ಎಚ್ಚರಿಸುವ ಒಂದು ಸಂಕೇತ. ಕಣ್ಣಿನೊಳಗೆ ಸೋಂಕು ಹೊಕ್ಕುವ ಮೊದಲೇ ಕಾವಲುಗಾರರನ್ನು ಕರೆದು ನಿಲ್ಲಿಸಿದಂತೆ ಎಂಬುದು ಅವರ ವಾದ. ವಾದ ಸೊಗಸಾಗಿದೆ. ಆದರೆ ಒಂದು ಜೀವಕೋಶದ ಮೇಲಿನ ಪ್ರಯೋಗದಿಂದ ಒಂದು ಜನಾಂಗದ ಕಣ್ಣುಗಳ ಕಡೆಗೆ ನೆಗೆಯುವಾಗ ಕಾಲು ಜಾರದಂತೆ ನೋಡಿಕೊಳ್ಳಬೇಕು. ನನಗೆ ತೋರುವುದು ಇಷ್ಟು: ಹಚ್ಚಿದವರಿಗೆ ಯಾವುದೋ ಪ್ರಯೋಜನ ಕಂಡಿರಬೇಕು, ಇಲ್ಲವಾದರೆ ಅಷ್ಟು ಶ್ರಮಪಡುತ್ತಿರಲಿಲ್ಲ, ಆದರೆ ಪೈಯ ಕಣ್ಣನ್ನು ಅದು ಉಳಿಸಲಿಲ್ಲ.

ಈಜಿಪ್ಟಿನ ರಾಜ್ಯಗಳು ಅಳಿದುವು. ಕಪ್ಪಿನ ಹೆಸರು ಮಾತ್ರ ಊರೂರು ಸುತ್ತಿತು. ಮೆಸ್ದೆಮೆತ್ ಎಂಬ ಮಾತು ಕಾಪ್ಟಿಕ್ ಭಾಷೆಯಲ್ಲಿ ‘ಸ್ತೇಮ್’ ಆಗಿ, ಗ್ರೀಕರ ಬಾಯಲ್ಲಿ ‘ಸ್ತಿಮ್ಮಿ’ ಎನ್ನಿಸಿಕೊಂಡು, ಲ್ಯಾಟಿನ್ನಿನಲ್ಲಿ ‘ಸ್ಟಿಬಿಯಮ್’ ಎಂದು ನೆಲೆಸಿತು. ಇಂದು ಶಾಲೆಯ ಹುಡುಗರು ಆಂಟಿಮನಿ ಎಂಬ ಧಾತುವಿಗೆ ‘ಎಸ್‌ಬಿ’ ಎಂಬ ಸಂಕೇತ ಏಕೆಂದು ತಿಳಿಯದೆ ಉರುಹೊಡೆಯುತ್ತಾರಲ್ಲ, ಅದು ಈ ಮಾತಿನ ಉಳಿಕೆ. ತಮಾಷೆಯೆಂದರೆ, ಈಜಿಪ್ಟಿನ ಕಪ್ಪು ಬಹುಮಟ್ಟಿಗೆ ಸೀಸವೇ ಹೊರತು ಆಂಟಿಮನಿಯಲ್ಲ. ಹೆಸರು ತಪ್ಪು ಮನೆಗೆ ಹೋಗಿ ಸೇರಿದೆ. ಅರಬರು ಇದೇ ಕಪ್ಪನ್ನು ‘ಕುಹ್ಲ್’ ಎಂದರು. ಮುಂದೆ ‘ಅಲ್’ ಸೇರಿ ‘ಅಲ್‌ಕುಹ್ಲ್’. ಯೂರೋಪಿನ ರಸವಾದಿಗಳ ಕೈಯಲ್ಲಿ ಅದಕ್ಕೆ ಅತಿ ನುಣ್ಣಗಿನ ಪುಡಿ ಎಂಬ ಅರ್ಥ ಬಂತು. ಬಳಿಕ ಯಾವುದೇ ವಸ್ತುವಿನ ಸಾರ ಎಂಬ ಅರ್ಥ. 16ನೆಯ ಶತಮಾನದಲ್ಲಿ ಪ್ಯಾರಸೆಲ್ಸಸನು ದ್ರಾಕ್ಷಾಮದ್ಯದ ಸಾರಕ್ಕೆ ಆ ಹೆಸರನ್ನಿಟ್ಟ. ಹೀಗೆ ಕಣ್ಣಿನ ಕಾಡಿಗೆ ಆಲ್ಕೊಹಾಲ್ ಆಯಿತು! ಕಾಡಿಗೆಯ ಭರಣಿಯನ್ನೂ ಹೆಂಡದ ಸೀಸೆಯನ್ನೂ ಒಂದೇ ಮಾತು ಮುಚ್ಚಿದೆ ಎಂದರೆ ನಂಬುವುದು ಕಷ್ಟ, ಆದರೂ ನಿಜ.

20ನೆಯ ಶತಮಾನದ ಷೋಕಿಯ ಕಥೆಯನ್ನು ಬೇಗ ಮುಗಿಸಬಹುದು. 1912ರಲ್ಲಿ ಅಮಾರ್ನದಲ್ಲಿ ನೆಫರ್ತೀತಿಯ ತಲೆಯ ಪ್ರತಿಮೆ ದೊರೆಯಿತು. ಒಂದು ಕಣ್ಣಿನಲ್ಲಿ ಸ್ಫಟಿಕದ ಗುಡ್ಡೆಯಿಲ್ಲ, ಆದರೂ ಎರಡು ಕಣ್ಣಿನ ಸುತ್ತಲೂ ಕಪ್ಪು ಗೆರೆಯಿದೆ. 1922ರಲ್ಲಿ ತುತಂಖಾಮನ್ನನ ಸಮಾಧಿ ತೆರೆಯಿತು. ಯೂರೋಪ್ ಅಮೆರಿಕಗಳಲ್ಲಿ ಈಜಿಪ್ಟಿನ ಹುಚ್ಚು ಹಬ್ಬಿತು. 1963ರಲ್ಲಿ ಎಲಿಜಬೆತ್ ಟೇಲರ್ ಕ್ಲಿಯೋಪಾತ್ರಳ ಪಾತ್ರ ವಹಿಸಿದಾಗ ರೆಪ್ಪೆಯ ಮೇಲೆ ನೀಲಿ, ಅಂಚಿಗೆ ನೀಳವಾದ ಕಪ್ಪು ಗೆರೆ. ಅದನ್ನು ನೋಡಿ ಊರೂರಿನ ಹುಡುಗಿಯರು ಕನ್ನಡಿಯ ಮುಂದೆ ಕುಳಿತರು.

ನಮ್ಮ ದೇಶದಲ್ಲಿ ಕಥೆ ಬೇರೊಂದು ದಾರಿ ಹಿಡಿಯುತ್ತದೆ. ಚರಕಸಂಹಿತೆಯಲ್ಲಿ ದಿನಚರಿಯ ಭಾಗವಾಗಿ ಸೌವೀರಾಂಜನವನ್ನು ನಿತ್ಯವೂ ಕಣ್ಣಿಗೆ ಹಚ್ಚಬೇಕೆಂದೂ, ಐದು ಅಥವಾ ಎಂಟು ರಾತ್ರಿಗಳಿಗೊಮ್ಮೆ ಕಣ್ಣೀರು ಹರಿದು ಕಣ್ಣು ತೊಳೆಯುವುದಕ್ಕಾಗಿ ರಸಾಂಜನವನ್ನು ಹಾಕಬೇಕೆಂದೂ ವಿಧಿಸಿದೆ. ರಸಾಂಜನವೆಂದರೆ ದಾರುಹರಿದ್ರದ ಕಷಾಯವನ್ನು ಬತ್ತಿಸಿ ಮಾಡಿದ ಔಷಧ. ಸೌವೀರಾಂಜನವೆಂದರೆ ಸೀಸದ ಅದಿರೋ ಆಂಟಿಮನಿಯೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಸ್ಟಿಬಿಯಮ್ಮಿನ ಗೊಂದಲ ಇಲ್ಲಿಯೂ ಬೆನ್ನುಹತ್ತಿದೆ. ಕಳೆದುಹೋದದ್ದನ್ನು ಕಾಣಲು ವೀಳೆಯದೆಲೆಗೋ ಹೆಬ್ಬೆರಳ ಉಗುರಿಗೋ ಕಪ್ಪು ಸವರಿ ನೋಡುವುದನ್ನು ನಮ್ಮವರು ‘ಅಂಜನ ಹಾಕುವುದು’ ಎನ್ನುತ್ತಾರೆ. ಕಪ್ಪು ಹಚ್ಚಿದರೆ ಕಾಣದ್ದು ಕಾಣುತ್ತದೆ ಎಂಬ ನಂಬಿಕೆ ಮಾತಿನಲ್ಲಿಯೇ ಉಳಿದುಬಂದಿದೆ.

ಆದರೆ ಕರ್ನಾಟಕದ ಮನೆಗಳ ಕಾಡಿಗೆ ಗಣಿಯಿಂದ ಬಂದದ್ದಲ್ಲ, ದೀಪದಿಂದ ಬಂದದ್ದು. ನಮ್ಮ ಮನೆಯಲ್ಲಿ ಅಜ್ಜಿ ಮಾಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿಯ ಬಟ್ಟೆಯನ್ನು ನೆನೆಸಿ ನೆರಳಲ್ಲಿ ಒಣಗಿಸಿ ಬತ್ತಿ ಹೊಸೆಯುವುದು. ಹರಳೆಣ್ಣೆಯ ಹಣತೆಯಲ್ಲಿ ಅದನ್ನು ಹಚ್ಚಿಟ್ಟು, ಮೂರು ಇಟ್ಟಿಗೆಗಳ ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಹಾಕುವುದು. ರಾತ್ರಿಯೆಲ್ಲ ದೀಪ ಉರಿದು ಬೆಳಗಾಗುವ ಹೊತ್ತಿಗೆ ತಟ್ಟೆಯ ತಳದಲ್ಲಿ ರೇಷ್ಮೆಯಂಥ ಮಸಿ ಕಟ್ಟಿರುತ್ತಿತ್ತು. ಅದನ್ನು ಕೆರೆದು ಬೆಣ್ಣೆ ಕಾಸಿದ ತುಪ್ಪದಲ್ಲಿ ಕಲಸಿ ಬೆಳ್ಳಿಯ ಭರಣಿಗೆ ತುಂಬುವರು. ಮಕ್ಕಳನ್ನು ಎರೆದು, ಲೋಬಾನದ ಹೊಗೆ ಹಾಕಿ, ಮಡಿಲಲ್ಲಿ ಮಲಗಿಸಿಕೊಂಡು, ಕಿರುಬೆರಳಿನಿಂದ ಕಣ್ಣಿಗೆ ಎಳೆಯುವರು. ಮಗು ಕಿರಿಚಿದರೆ ಕಣ್ಣು ದೊಡ್ಡದಾಗುತ್ತದೆ ಎಂದು ಸಮಾಧಾನ ಹೇಳುವರು. ಯಾರ ಕಣ್ಣು ದೊಡ್ಡದಾಯಿತೋ ನಾನು ಕಾಣೆ.

ಅಂಗಡಿಯಲ್ಲಿ ಸಿಗುವ ಸುರ್ಮಾ ನೋಡುವುದಕ್ಕೆ ಇದೇ ಬಣ್ಣ. ಆದರೆ ಎಷ್ಟೋ ಕಡೆ ಅದು ಅದೇ ಹಳೆಯ ಗೆಲೀನಾ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಭಾರತ, ಪಾಕಿಸ್ತಾನಗಳ ಕುಟುಂಬಗಳ ಮಕ್ಕಳ ರಕ್ತದಲ್ಲಿ ಸೀಸ ಸೇರುತ್ತಿರುವುದಕ್ಕೂ ಅವರ ಕಣ್ಣಿನ ಸುರ್ಮಾಕ್ಕೂ ಇರುವ ಸಂಬಂಧವನ್ನು ಅಲ್ಲಿಯ ವೈದ್ಯರು 1968ರಲ್ಲಿಯೇ ಪ್ರಕಟಿಸಿದ್ದರು. ಮಗು ಕಣ್ಣು ಉಜ್ಜಿದ ಬೆರಳನ್ನು ಬಾಯಿಗಿಡುತ್ತದೆ. ವಿಷ ಹೋಗಲು ಅದಕ್ಕಿಂತ ಹತ್ತಿರದ ದಾರಿ ಬೇಕಾಗಿಲ್ಲ. ಬೆಳೆಯುವ ಮೆದುಳಿಗೆ ಸೀಸದ ಅಲ್ಪ ಪ್ರಮಾಣವೂ ಹಾನಿ. ಅಮೆರಿಕದಲ್ಲಿ ಇಂಥ ಕಪ್ಪನ್ನು ಅಲಂಕಾರ ಸಾಮಗ್ರಿಯಾಗಿ ಮಾರುವುದಕ್ಕೆ ಅನುಮತಿಯಿಲ್ಲ. ಮಸಿಯ ಕಾಡಿಗೆಯಲ್ಲಿ ಸೀಸದ ಭಯವಿಲ್ಲದಿದ್ದರೂ, ತೊಳೆಯದ ಬೆರಳನ್ನು ಹಸುಗೂಸಿನ ಕಣ್ಣಿಗೆ ತಾಕಿಸುವುದೇ ಸೋಂಕಿಗೆ ಆಹ್ವಾನ ಎಂದು ಈಗಿನ ವೈದ್ಯರು ಬೇಡವೆನ್ನುತ್ತಾರೆ.

ನಮ್ಮ ಮನೆಯಲ್ಲಿ ಮೊದಲ ಮರಿಮಗು ಹುಟ್ಟಿದಾಗ ವೈದ್ಯರು ಈ ಮಾತನ್ನೇ ಹೇಳಿದರು. ಅಜ್ಜಿ ವಾದ ಮಾಡಲಿಲ್ಲ. ಮೂರು ಇಟ್ಟಿಗೆಗಳನ್ನು ಎಂದಿನಂತೆ ಹೊಂದಿಸಿದರು, ದೀಪ ಹಚ್ಚಿದರು, ಬೆಳಗ್ಗೆ ಮಸಿಯನ್ನು ಕೆರೆದು ಭರಣಿಗೆ ತುಂಬಿದರು. ಮಗುವನ್ನು ಎರೆದಾದ ಮೇಲೆ ಭರಣಿಯ ಮುಚ್ಚಳ ತೆಗೆದು, ಕಣ್ಣಿನ ಹತ್ತಿರ ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಕೆನ್ನೆಗೆ ಒಂದು, ಅಂಗಾಲಿಗೆ ಒಂದು ಬೊಟ್ಟಿಟ್ಟರು.